ಹೆಚ್ಚುವರಿ ದೀಪವೆಂಬ ತಪ್ಪು ಮದ್ದು

ಸ್ಕೂಟರು ಮತ್ತು ಎಕ್ಸ್‌ಎಲ್ ಮೊಪೆಡ್ಡಿನ ಹ್ಯಾಂಡಲಿಗೆ, ಮುಂದಿನ ಗಾರ್ಡಿಗೆ ಅಥವಾ ಕನ್ನಡಿಯ ಕಡ್ಡಿಗೆ ಒಂದೆರಡು ಎಲ್‌ಇಡಿ ದೀಪ ಕಟ್ಟಿಸುವುದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರಸ್ತೆಗಳಲ್ಲಿ ಈಗ ಸಾಮಾನ್ಯ ನೋಟ. ಬಿಡಿಭಾಗದ ಅಂಗಡಿಯಲ್ಲಿ ದೀಪ ಸಿಗುತ್ತದೆ, ಪಕ್ಕದ ವರ್ಕ್‌ಶಾಪಿನಲ್ಲಿ ಅರ್ಧ ಗಂಟೆಯಲ್ಲಿ ಕೂರುತ್ತದೆ. ಇದರ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ. ಕಂಪನಿ ಕೊಟ್ಟ ಹೆಡ್‌ಲೈಟು ಹಳ್ಳಿಯ ಕತ್ತಲೆಗೆ ಸಾಲದು. ಮ್ಯಾಗ್ನೆಟೊದಲ್ಲಿ ಹೇಗೂ ಮಿಕ್ಕ ಕರೆಂಟು ಇರುತ್ತದೆ. ಬೆಳಕು ಹೆಚ್ಚಿದಷ್ಟೂ ಅಪಾಯ ಕಡಿಮೆ. ಮೂರೂ ಮಾತು ಕೇಳಲು ಸಹಜವಾಗಿವೆ, ಮೂರೂ ತಪ್ಪು. ಮೊದಲನೆಯದು ಬಹುಪಾಲು ತಪ್ಪು, ಎರಡನೆಯದು ಬೇಕಾದ ಹೊತ್ತಿನಲ್ಲೇ ತಪ್ಪು, ಮೂರನೆಯದು ಎದುರಿಗೆ ಬರುವವನ ಪ್ರಾಣ ತೆಗೆಯಬಲ್ಲ ತಪ್ಪು.

ದೀಪ ಕಟ್ಟಿಸುವವನಿಗೆ ಬೆಳಕು ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಈ ಸೀಮೆಯ ದುಡಿಮೆ ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಮಾಗಿಯಲ್ಲಿ ಬೆಳಕು ಹರಿಯುವ ಮೊದಲೇ ಹಾಲು ಡೈರಿ ಸೇರಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಗದ್ದೆಗೆ ಹೋಗಿ ಮೋಟರು ಹಾಕಬೇಕು. ರೇಷ್ಮೆಗೂಡು ರಾಮನಗರದ ಮಾರುಕಟ್ಟೆ ಮುಟ್ಟಬೇಕಾದರೆ ಮನೆ ಬಿಡುವ ಹೊತ್ತಿಗೆ ಇನ್ನೂ ನಕ್ಷತ್ರ ಕಾಣುತ್ತಿರುತ್ತವೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಹೊರುವ ಗಾಡಿಗಳದ್ದೂ ಇದೇ ಹೊತ್ತು. ಕಬ್ಬು ಅರೆಯುವ ಕಾಲ ಬಂದರೆ ಮಂಡ್ಯದ ಮೈಷುಗರ್, ಭಾರತೀನಗರದ ಚಾಮುಂಡೇಶ್ವರಿ, ಕೊಪ್ಪದ ಕಾರ್ಖಾನೆಗಳ ಕಡೆಗೆ ರಾತ್ರಿಯಿಡೀ ಎತ್ತಿನಗಾಡಿ, ಟ್ರ್ಯಾಕ್ಟರುಗಳ ಸಾಲು. ಈ ಎಲ್ಲದರ ನಡುವೆ 35 ವ್ಯಾಟಿನ ಒಂದು ಬಲ್ಬು ನಂಬಿಕೊಂಡು ಹೋಗುವ ಸವಾರನ ಭಯ ನಿಜವಾದದ್ದು. ಆ ಭಯಕ್ಕೆ ಅಂಗಡಿಯಲ್ಲಿ ಕೊಡುತ್ತಿರುವ ಮದ್ದು ಮಾತ್ರ ಸುಳ್ಳು.

ಸಣ್ಣ ಗಾಡಿಯ ವಿದ್ಯುತ್ ವ್ಯವಸ್ಥೆ ಒಂದು ಬಡ ಸಂಸಾರದ ಹಾಗೆ. ಬರುವ ಆದಾಯ ಒಂದೇ ಕಡೆಯಿಂದ, ಖರ್ಚು ಹತ್ತು ಕಡೆಗೆ. ಎಂಜಿನ್ನಿನ ದಂಡದ ತುದಿಯಲ್ಲಿ ಅಯಸ್ಕಾಂತಗಳನ್ನು ಹೊತ್ತ ಚಕ್ರವೊಂದು ತಿರುಗುತ್ತದೆ. ಅದರೊಳಗೆ ಅಲುಗದೆ ಕೂತ ಕಾಯಿಲುಗಳಲ್ಲಿ ಕರೆಂಟು ಹುಟ್ಟುತ್ತದೆ. ಅದು ಏಸಿ. ಒಂದು ಪಾಲು ರೆಗ್ಯುಲೇಟರಿನ ಮೂಲಕ ಡಿಸಿಯಾಗಿ ಬ್ಯಾಟರಿ ಸೇರುತ್ತದೆ. ಹಳೆಯ ಗಾಡಿಗಳಲ್ಲಿ ಇನ್ನೊಂದು ಪಾಲು ಏಸಿಯಾಗಿಯೇ ನೇರ ಹೆಡ್‌ಲೈಟಿಗೆ ಹೋಗುತ್ತದೆ. ರೇಸು ಕೊಟ್ಟಾಗ ದೀಪ ಉರಿದು, ಬಿಟ್ಟಾಗ ಮಂಕಾಗುವುದು ಈ ಗಾಡಿಗಳಲ್ಲೇ. ಇಂಥ ಮ್ಯಾಗ್ನೆಟೊದಿಂದ ಎಂಜಿನ್ ಚೆನ್ನಾಗಿ ಓಡುವಾಗ ಒಟ್ಟು ನೂರು ವ್ಯಾಟಿನ ಆಸುಪಾಸು ಸಿಕ್ಕರೆ ಅದೇ ದೊಡ್ಡದು. ಕೆಲವು ಸ್ಕೂಟರುಗಳಲ್ಲಿ ಇನ್ನಷ್ಟು ಇರಬಹುದು.

ಖರ್ಚಿನ ಕಡೆ ನೋಡಿದರೆ ಹೆಡ್‌ಲೈಟಿಗೆ 35 ವ್ಯಾಟು. ಹಿಂದಿನ ದೀಪಕ್ಕೆ 5, ಬ್ರೇಕು ಹಿಡಿದಾಗ 21. ಇಂಡಿಕೇಟರು ಹಾಕಿದರೆ ಹತ್ತತ್ತು ವ್ಯಾಟಿನ ಎರಡು ಬಲ್ಬು. ಎಲ್ಲ ಒಟ್ಟಿಗೆ ಉರಿದ ಕ್ಷಣದಲ್ಲಿ 80 ವ್ಯಾಟು ದಾಟಿತು. ಹಾರ್ನು, ಎಂಜಿನ್ನಿನ ಕಿಡಿ, ಬ್ಯಾಟರಿಯ ಚಾರ್ಜು ಇದರ ಮೇಲೆ. 2017ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಚಾಲೂ ಆದೊಡನೆ ತಾನೇ ಉರಿಯಬೇಕೆಂಬ ನಿಯಮ ಬಂತು. ಹೀಗಾಗಿ ದೊಡ್ಡ ಖರ್ಚು ಹಗಲಿಗೂ ಹರಡಿತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಹೊಗೆ ಮಾನದಂಡದ ಹಿಂದೆಯೇ ಕಾರ್ಬುರೇಟರು ಹೋಗಿ ಪೆಟ್ರೋಲ್ ಪಂಪು, ಇಂಜೆಕ್ಟರು, ಎಂಜಿನ್ ನಿಯಂತ್ರಿಸುವ ಇಸಿಯು ಬಂದವು. ಇವು ಮೂರೂ ಕರೆಂಟು ಕುಡಿಯುವ ಭಾಗಗಳು. ಎಕ್ಸ್‌ಎಲ್ 100 ಮೊಪೆಡ್ಡು ಕೂಡ ಈಗ ಇಂಜೆಕ್ಷನ್ ಗಾಡಿ. ಹಳೆಯ ಟಿವಿಎಸ್ 50ರ ಕಾಲದಲ್ಲಿ ಬ್ಯಾಟರಿ ಸತ್ತರೂ ತುಳಿದು ಮನೆ ಸೇರಿದವರ ಅನುಭವವನ್ನು ಈ ಗಾಡಿಗೆ ಅನ್ವಯಿಸಬಾರದು. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಬಡವಾದರೆ ದೀಪವೊಂದೇ ಮಂಕಾಗುವುದಿಲ್ಲ, ಎಂಜಿನ್ ಚಾಲೂ ಆಗಲೂ ತಡವರಿಸುತ್ತದೆ.

ಉತ್ಪಾದನೆ ಮತ್ತು ಬೇಡಿಕೆಯ ಈ ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಜನ ಬ್ಲಫ್ ಎಂದು ಕರೆಯುವ ಜಾಗದಲ್ಲಿ, 1902ರಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಗಣಿಯವರು ಇನ್ನಷ್ಟು ಕರೆಂಟು ಕೇಳಿದಾಗ ಯಾರೂ ಅದೇ ತಂತಿಗೆ ಇನ್ನಷ್ಟು ಬಲ್ಬು ನೇತುಹಾಕಲಿಲ್ಲ. ಹಂತಹಂತವಾಗಿ ಹೊಸ ಯಂತ್ರ ಕೂರಿಸಿದರು. ಬೇಸಿಗೆಯಲ್ಲಿ ಹೊಳೆ ಸೊರಗಿ ಯಂತ್ರ ನಿಲ್ಲಬಾರದೆಂದು ನೀರು ಕೂಡಿಡುವ ಯೋಚನೆ ಹುಟ್ಟಿತು. 1911ರಲ್ಲಿ ಕಟ್ಟಲು ಆರಂಭಿಸಿದ ಕನ್ನಂಬಾಡಿ ಅಣೆಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರು ಕೊಡುವುದೂ ಒಂದು. ಬೇಡಿಕೆ ಹೆಚ್ಚಿಸುವ ಮೊದಲು ಹುಟ್ಟುವಳಿ ಹೆಚ್ಚಿಸಬೇಕೆಂಬ ಪಾಠವನ್ನು ನೂರು ವರ್ಷದ ಹಿಂದೆಯೇ ಕಲಿತ ಜಿಲ್ಲೆಯಲ್ಲಿ, ಅಯಸ್ಕಾಂತವನ್ನೂ ಕಾಯಿಲನ್ನೂ ಹಾಗೆಯೇ ಬಿಟ್ಟು ದೀಪ ಮಾತ್ರ ಏರಿಸುತ್ತ ಹೋಗುವುದು ನೋವಿನ ಸಂಗತಿ.

ದೀಪ ಮಾರುವವರ ಪ್ರಬಲ ವಾದ ಒಂದಿದೆ, ಅದನ್ನು ಗೌರವದಿಂದಲೇ ಎತ್ತಿಕೊಳ್ಳಬೇಕು. ಸಣ್ಣ ಗಾಡಿಯ ರೆಗ್ಯುಲೇಟರು ಸಾಮಾನ್ಯವಾಗಿ ಹೆಚ್ಚಾದ ಕರೆಂಟನ್ನು ತಿರುಗಿಸಿ ಕಾಯಿಲಿಗೇ ಹಾಯಿಸಿ ಶಾಖವಾಗಿ ಕಳೆಯುತ್ತದೆ. ಹೇಗೂ ವ್ಯರ್ಥವಾಗುವುದನ್ನು ದೀಪಕ್ಕೆ ಕೊಟ್ಟರೆ ತಪ್ಪೇನು ಎಂಬುದು ಆ ವಾದ. ಎಂಜಿನ್ ಜೋರಾಗಿ ತಿರುಗುತ್ತಿರುವಾಗ ಇದು ಸರಿಯೇ. ಹಳೆಯ ಹೆದ್ದಾರಿಯಲ್ಲಿ ಮಂಡ್ಯದಿಂದ ಮದ್ದೂರಿಗೆ 50ರ ವೇಗದಲ್ಲಿ ಹೋಗುವ ಸ್ಕೂಟರಿನಲ್ಲಿ ಸ್ವಲ್ಪ ಮಿಗುವುದುಂಟು. ಆದರೆ ಹೆಚ್ಚುವರಿ ಬೆಳಕು ಬೇಕಾದದ್ದು ಎಲ್ಲಿ? ನಾಲೆ ಏರಿಯ ಮೇಲೆ, ಗದ್ದೆ ಬಯಲಿನ ಕೊರಕಲು ದಾರಿಯಲ್ಲಿ, ಊರೊಳಗಿನ ತಿರುವಿನಲ್ಲಿ. ಅಲ್ಲಿ ಗಾಡಿ ನಡಿಗೆಗಿಂತ ತುಸು ಜೋರಾಗಿ ಹೋಗುತ್ತದೆ. ಎಂಜಿನ್ ನಿಧಾನ, ಮ್ಯಾಗ್ನೆಟೊದ ಹುಟ್ಟುವಳಿ ತೀರ ಕಡಿಮೆ, ಮಿಗುವ ಮಾತಿರಲಿ ಇದ್ದದ್ದಕ್ಕೇ ಕೊರತೆ. ಆಗ ಹೆಚ್ಚುವರಿ ದೀಪ ಉರಿಯುವುದು ಬ್ಯಾಟರಿಯ ಗಂಟಿನಿಂದ.

ಆ ಗಂಟು ಎಷ್ಟಿದೆ? ಸಾಮಾನ್ಯ ಸ್ಕೂಟರಿನ ಬ್ಯಾಟರಿ 12 ವೋಲ್ಟಿನದು, 3ರಿಂದ 5 ಆಂಪಿಯರ್-ಅವರ್. ಸೆಲ್ಫ್ ಸ್ಟಾರ್ಟು, ಹಾರ್ನು, ಇಂಡಿಕೇಟರಿಗೆಂದು ಅಳೆದು ಕೊಟ್ಟ ಗಾತ್ರ ಅದು. 20 ವ್ಯಾಟಿನ ಎರಡು ದೀಪ 12 ವೋಲ್ಟಿನಲ್ಲಿ ಎಳೆಯುವುದು 3.3 ಆಂಪಿಯರ್. 4 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದು ತುಂಬ ಚಾರ್ಜಾಗಿದ್ದರೂ, ಬೇರೆ ಯಾವ ಖರ್ಚೂ ಇಲ್ಲವೆಂದುಕೊಂಡರೂ, ಇದನ್ನು ಸರಿಯಾಗಿ ಒಂದು ಗಂಟೆ ಹೊರಲಾರದು. ಗದ್ದೆಗೆ ಹೋಗಿ, ಮೋಟರು ಹಾಕಿ, ನೀರು ತಿರುಗಿಸುವಷ್ಟು ಹೊತ್ತು ಎಂಜಿನ್ ನಿಲ್ಲಿಸಿ ದೀಪ ಉರಿಸಿಕೊಂಡರೆ ವಾಪಸು ಬರುವಾಗ ತಳ್ಳಿಕೊಂಡು ಬರಬೇಕಾದೀತು. ದಿನವೂ ತಳ ಕಂಡು ಅರ್ಧಂಬರ್ಧ ತುಂಬುವ ಬ್ಯಾಟರಿಯ ಸೀಸದ ತಟ್ಟೆಗಳಿಗೆ ಸಲ್ಫೇಟು ಕಟ್ಟುತ್ತದೆ; ಎರಡು ಮೂರು ವರ್ಷ ಬಾಳಬೇಕಾದದ್ದು ಬಹಳ ಬೇಗ ಸಾಯುತ್ತದೆ. ಬ್ಯಾಟರಿ ಕಂಪನಿಗೆ ಶಾಪ ಹಾಕುವವರು ದೀಪದ ಸ್ವಿಚ್ಚಿನ ಕಡೆ ನೋಡುವುದೇ ಇಲ್ಲ.

ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಗುತ್ತದೆ ಎಂಬುದು ಸತ್ಯ. ಹ್ಯಾಲೊಜೆನ್ 35 ವ್ಯಾಟಿನಲ್ಲಿ ಕೊಡುವಷ್ಟು ಬೆಳಕನ್ನು ಒಳ್ಳೆಯ ಎಲ್‌ಇಡಿ ಅದರ ಮೂರನೇ ಒಂದು ಪಾಲಿನಲ್ಲಿ ಕೊಡಬಲ್ಲದು. ಈ ಒಂದು ಸತ್ಯದ ಮರೆಯಲ್ಲಿ ಎರಡು ಸುಳ್ಳು ಸಾಗಿಹೋಗುತ್ತಿವೆ. ಕಡಿಮೆ ಕರೆಂಟು ಎಳೆಯುತ್ತದೆಂಬ ಕಾರಣಕ್ಕೆ ಒಂದರ ಜಾಗದಲ್ಲಿ ನಾಲ್ಕು ಕಟ್ಟಿಸುತ್ತಾರೆ, ಉಳಿತಾಯ ಅಲ್ಲಿಗೆ ಮುಗಿಯಿತು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನೊಳಕ್ಕೇ ಎಲ್‌ಇಡಿ ಬಲ್ಬು ಹಾಕಿಸುವುದು. ಆ ಹೆಡ್‌ಲೈಟಿನ ಒಳಗನ್ನಡಿಯ ಬಾಗು ಬಲ್ಬಿನ ತಂತಿ ಇಂಥದೇ ಜಾಗದಲ್ಲಿ ಉರಿಯುತ್ತದೆಂದು ಲೆಕ್ಕ ಹಾಕಿ ಮಾಡಿದ್ದು. ತಂತಿ ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಕೋಲು ಕೆಡುತ್ತದೆ. ಕಂಪನಿಯ ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಇರುತ್ತದೆ. ಮೇಲಕ್ಕೆ ಏರಿ ಎದುರಿನವರ ಕಣ್ಣಿಗೆ ಹೊಡೆಯುವ ಬೆಳಕನ್ನು ಅದು ತಡೆಯುತ್ತದೆ. ಸಿಕ್ಕಸಿಕ್ಕ ಎಲ್‌ಇಡಿ ಬಲ್ಬಿನಲ್ಲಿ ಬೆಳಕಿನ ಬಿಂದು ಬೇರೆ ಕಡೆ, ತಡೆಯೂ ಹೆಸರಿಗೆ ಮಾತ್ರ. ಗೋಡೆಯ ಮುಂದೆ ನಿಲ್ಲಿಸಿದರೆ ಎಲ್ಲ ಬೆಳ್ಳಗೆ ಹೊಳೆಯುತ್ತದೆ, ಗಿರಾಕಿ ಮೆಚ್ಚುತ್ತಾನೆ. ರಸ್ತೆಗೆ ಬಿದ್ದಾಗ ಮರದ ಕೊಂಬೆ ಕಾಣುತ್ತದೆ, ಗುಂಡಿ ಕಾಣುವುದಿಲ್ಲ.

ಹ್ಯಾಲೊಜೆನ್ನಿನಲ್ಲೇ ವ್ಯಾಟು ಏರಿಸುವ ಹಳೆಯ ಚಾಳಿಯೂ ಹೋಗಿಲ್ಲ. 35ರ ಜಾಗಕ್ಕೆ 100 ವ್ಯಾಟಿನ ಬಲ್ಬು ಹಾಕಿದರೆ ತಂತಿಯಲ್ಲಿ ಹರಿಯುವ ಕರೆಂಟು 2.9 ಆಂಪಿಯರಿನಿಂದ 8.3ರ ತನಕ ಏರಬಹುದು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಹೆಚ್ಚುವುದರಿಂದ ಅದೇ ತಂತಿ, ಅದೇ ಹೋಲ್ಡರು ಎಂಟು ಪಟ್ಟಿನ ತನಕ ಕಾಯಬಹುದು. ಹೋಲ್ಡರು ಕಂದಾಗುತ್ತದೆ, ಪ್ಲಾಸ್ಟಿಕ್ ಒಳಗನ್ನಡಿಯ ಹೊಳಪಿನ ಲೇಪ ಸುಲಿಯುತ್ತದೆ, ಡಿಮ್-ಡಿಪ್ ಸ್ವಿಚ್ಚು ಸುಡುತ್ತದೆ. ಅಷ್ಟಾದರೂ ಆ ಬಲ್ಬು 100 ವ್ಯಾಟು ಉರಿಯುವುದೇ ಇಲ್ಲ, ಏಕೆಂದರೆ ಮ್ಯಾಗ್ನೆಟೊ ಅಷ್ಟು ಕೊಡಲಾರದು. ವೋಲ್ಟು ಕುಸಿದು ಬಲ್ಬು ಕೆಂಪಗೆ ಉರಿಯುತ್ತದೆ. ಹಣ ಕೊಟ್ಟು ಬೆಳಕು ಕಡಿಮೆ ಮಾಡಿಕೊಂಡಂತೆ.

ಇನ್ನು ಜೋಡಿಸುವ ಬಗೆ. ತೀರ ಅಪಾಯದ ಕೆಲಸ ನಡೆಯುವುದು ಇಲ್ಲಿ. ವೈರಿಂಗ್ ಕಿಟ್ಟಿನ ತಂತಿಯ ಸಿಪ್ಪೆ ಸುಲಿದು, ಹೊಸ ತಂತಿ ಸುತ್ತಿ, ಮೇಲೊಂದು ಟೇಪು ಸುತ್ತಿದರೆ ಕೆಲಸ ಮುಗಿಯಿತು. ಒಂದು ಮಳೆಗಾಲ ಕಳೆಯುವುದರಲ್ಲಿ ಟೇಪಿನ ಅಂಟು ಬಿಟ್ಟು, ನೀರು ಹೊಕ್ಕು, ತಾಮ್ರ ಹಸಿರು ಕಟ್ಟುತ್ತದೆ. ಹ್ಯಾಂಡಲು ತಿರುಗಿಸಿದಾಗಲೆಲ್ಲ ಆ ಗಂಟು ಎಳೆದಾಡುತ್ತದೆ. ಇನ್ನೂ ಕೆಲವರು ಫ್ಯೂಸು ಪದೇಪದೇ ಹೋಗುತ್ತದೆಂದು ಬ್ಯಾಟರಿಯ ತುದಿಯಿಂದಲೇ, ಫ್ಯೂಸಿಗೆ ಮೊದಲೇ, ನೇರ ತಂತಿ ಎಳೆಯುತ್ತಾರೆ. ಫ್ಯೂಸು ಹೋಗುವುದು ದೋಷವಲ್ಲ, ಅದು ಮಾಡಬೇಕಾದ ಕೆಲಸವೇ ಅದು. ಅದನ್ನು ದಾಟಿಸಿ ಎಳೆದ ತಂತಿ ಎಲ್ಲಾದರೂ ಉಜ್ಜಿ ಚಾಸಿಗೆ ತಗುಲಿದರೆ, ಆ ಪುಟ್ಟ ಬ್ಯಾಟರಿಯೇ ಹತ್ತಾರು ಆಂಪಿಯರ್ ಸುರಿದು ತಂತಿಯನ್ನು ಕೆಂಡ ಮಾಡಬಲ್ಲದು. ಪೆಟ್ರೋಲ್ ಪೈಪು ಅಲ್ಲಿಂದ ಒಂದು ಗೇಣು ದೂರದಲ್ಲಿರುತ್ತದೆ.

ಕಂಪನಿಯ ದೀಪ ಸಾಲದು ಎಂಬ ಮೊದಲ ಮಾತಿಗೆ ಈಗ ಬರಬಹುದು. ಐದಾರು ವರ್ಷದ ಗಾಡಿಯ ದೀಪ ಮಂಕಾಗಿರುವುದು ನಿಜ. ಅದು ಹೊಸದಾಗಿದ್ದಾಗ ಹಾಗಿರಲಿಲ್ಲ ಎಂಬುದನ್ನು ಮರೆಯಲಾಗಿದೆ. ತಂತಿ ಬಲ್ಬಿನ ಬೆಳಕು ವೋಲ್ಟಿಗೆ ತಕ್ಕಂತೆ ಸಮನಾಗಿ ಇಳಿಯುವುದಿಲ್ಲ, ಪಾತಾಳಕ್ಕೆ ಇಳಿಯುತ್ತದೆ. ವೋಲ್ಟಿನ ಸುಮಾರು ಮೂರೂವರೆ ಘಾತದಷ್ಟು ಎಂದು ಲೆಕ್ಕ. 12 ವೋಲ್ಟು ಸಿಗಬೇಕಾದ ಬಲ್ಬಿಗೆ 11 ಸಿಕ್ಕರೆ ಬೆಳಕಿನ ಕಾಲು ಭಾಗ ಹೋಯಿತು. ಹತ್ತೂವರೆ ಸಿಕ್ಕರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಆ ಒಂದೂವರೆ ವೋಲ್ಟನ್ನು ನುಂಗಲು ದೊಡ್ಡ ದೋಷವೇನೂ ಬೇಕಿಲ್ಲ. ತುಕ್ಕು ಹಿಡಿದ ಒಂದು ಅರ್ತಿಂಗ್ ನಟ್ಟು, ಸಡಿಲವಾದ ಕಪ್ಲರು, ಕರಿ ಹಿಡಿದ ಸ್ವಿಚ್ಚಿನ ತಗಡು ಸಾಕು. ಗದ್ದೆ ಕೆಸರು, ಗೊಬ್ಬರ, ಉಪ್ಪಿನಂಶದ ನೀರು ತಾಗುವ ಗಾಡಿಯಲ್ಲಿ ಇವು ಬೇಗ ಕೆಡುತ್ತವೆ. ಮರಳು ಕಾಗದ ತೆಗೆದುಕೊಂಡು ಅರ್ತಿಂಗ್ ಜಾಗ ಉಜ್ಜಿ, ನಟ್ಟು ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸು ಸವರಿದರೆ ವಾಪಸು ಬರುವ ಬೆಳಕು, ಸಾವಿರ ರೂಪಾಯಿಯ ದೀಪ ಕೊಡುವುದಕ್ಕಿಂತ ಹೆಚ್ಚಿನ ಬಾಳಿಕೆಯದು. ಒಳಗನ್ನಡಿ ಮಂಕಾಗಿದ್ದರೆ, ಮುಂದಿನ ಗಾಜು ಹಳದಿಗಟ್ಟಿದ್ದರೆ, ಹೆಡ್‌ಲೈಟಿನ ಡೂಮನ್ನೇ ಬದಲಿಸಬೇಕು. ಈ ಕೆಲಸದಲ್ಲಿ ಅಂಗಡಿಗೆ ಲಾಭ ಕಡಿಮೆ. ಅದಕ್ಕಾಗಿಯೇ ಯಾರೂ ಹೇಳುವುದಿಲ್ಲ.

ಬೆಳಕು ಕಳೆದುಹೋಗುವ ಇನ್ನೊಂದು ದಾರಿಯನ್ನು ಬಹುತೇಕ ಯಾರೂ ಗಮನಿಸಿಲ್ಲ, ಈ ಸೀಮೆಯ ಮಟ್ಟಿಗೆ ಅದೇ ದೊಡ್ಡದು. ಇಲ್ಲಿನ ಮೊಪೆಡ್ಡು ಖಾಲಿ ಓಡುವುದು ಅಪರೂಪ. 40 ಲೀಟರಿನ ಎರಡು ಹಾಲಿನ ಕ್ಯಾನು ಹಿಂದೆ ತೂಗಿದರೆ ಹಾಲಿನ ತೂಕವೇ 80 ಕಿಲೋ ದಾಟುತ್ತದೆ. ಎಳನೀರಿನ ಗೊನೆ, ಗೊಬ್ಬರದ ಮೂಟೆ, ಹಸುವಿಗೆ ಹುಲ್ಲಿನ ಹೊರೆ, ಎಲ್ಲವೂ ಹಿಂದಿನ ಚಕ್ರದ ಮೇಲೆ. ಹಿಂಭಾಗ ಕುಸಿದಂತೆ ಮೂತಿ ಮೇಲೇಳುತ್ತದೆ, ದೀಪವೂ ಅದರ ಜೊತೆಗೆ ಆಕಾಶ ನೋಡುತ್ತದೆ. ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ನೆಲದಿಂದ 80 ಸೆಂಟಿಮೀಟರ್ ಎತ್ತರದ ದೀಪದ ಬೆಳಕು 30 ಮೀಟರ್ ದೂರದಲ್ಲಿ ರಸ್ತೆಗೆ ಬೀಳುವಂತೆ ಗುರಿಯಿಟ್ಟಿದ್ದರೆ, ಆ ಇಳಿಜಾರು ಒಂದೂವರೆ ಡಿಗ್ರಿ ಮಾತ್ರ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್ ಇರುವ ಗಾಡಿಯ ಹಿಂಭಾಗ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಕುಸಿದರೆ ಆ ಒಂದೂವರೆ ಡಿಗ್ರಿ ಪೂರ್ತಿ ಅಳಿಸಿಹೋಗುತ್ತದೆ. ಬೆಳಕು ನೆಲ ಮುಟ್ಟುವುದೇ ಇಲ್ಲ, ನೇರ ಎದುರು ಸವಾರನ ಎದೆ, ಮುಖ ಮುಟ್ಟುತ್ತದೆ. ಹಿಂದಿನ ಟಯರಿನ ಗಾಳಿ ಕಡಿಮೆಯಿದ್ದರೆ ಇನ್ನೂ ಬೇಗ. ಖಾಲಿ ಗಾಡಿಯಲ್ಲಿ ಸರಿಯಿದ್ದ ದೀಪ ಹೊರೆ ಹೊತ್ತಾಗ ರಸ್ತೆಯನ್ನು ಕತ್ತಲಲ್ಲಿ ಬಿಡುತ್ತದೆ, ಸವಾರ ಬೆಳಕು ಸಾಲದೆಂದು ತಿಳಿಯುತ್ತಾನೆ, ಅದೇ ಎತ್ತಿದ ಮೂತಿಗೆ ಇನ್ನೆರಡು ದೀಪ ಕಟ್ಟಿಸುತ್ತಾನೆ. ಬೇಕಿದ್ದದ್ದು ಡೂಮಿನ ಸ್ಕ್ರೂ ಸಡಿಲಿಸಿ, ಹೊರೆ ಹೊತ್ತ ಸ್ಥಿತಿಯಲ್ಲೇ, ದೀಪವನ್ನು ಸ್ವಲ್ಪ ಬಗ್ಗಿಸುವುದು.

ಹೆಚ್ಚು ಬೆಳಕು ಹೆಚ್ಚು ದೂರ ತೋರಿಸುತ್ತದೆ ಎಂಬ ಮಾತಿಗೂ ಒಂದು ಮಿತಿಯಿದೆ. ದೂರ ಎರಡು ಪಟ್ಟಾದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಹೀಗಾಗಿ ದೀಪ ಎರಡಾದರೆ ನೋಟ ಎರಡು ಪಟ್ಟು ಚಾಚುವುದಿಲ್ಲ, ಹೆಚ್ಚೆಂದರೆ ಶೇಕಡಾ 40ರಷ್ಟು ಚಾಚೀತು. ಅದೂ ಎರಡನೆಯ ದೀಪ ಮೊದಲನೆಯದರ ಗುರಿಗೇ ಬಿದ್ದರೆ. ಇನ್ನೊಂದು ಕಡೆಯಿಂದ ನೋಡಿದರೆ, 50 ಕಿಲೋಮೀಟರ್ ವೇಗದ ಗಾಡಿ ಅಡ್ಡ ಬಂದದ್ದನ್ನು ಕಂಡು, ಬ್ರೇಕು ಹಿಡಿದು, ನಿಲ್ಲಲು ಸುಮಾರು 45 ಮೀಟರ್ ಬೇಕು. 40ರಲ್ಲಿದ್ದರೆ 32 ಮೀಟರ್ ಸಾಕು. ಸವಾರನಿಗೆ ಕಂಡದ್ದನ್ನು ಗ್ರಹಿಸಲು ಒಂದೂವರೆ ಸೆಕೆಂಡು, ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕು ಎಂದಿಟ್ಟುಕೊಂಡ ಲೆಕ್ಕ ಇದು. ಎಕ್ಸಲರೇಟರನ್ನು ತುಸು ಸಡಿಲಿಸಿದರೆ ಸಿಗುವ 13 ಮೀಟರಿನ ಈ ಉಳಿತಾಯ ಎರಡನೆಯ ದೀಪ ಕೊಡುವ ಲಾಭಕ್ಕೆ ಹತ್ತಿರ ಹತ್ತಿರ ಸಮ. ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಕೇಳುವುದಿಲ್ಲ. ದೀಪ ಕಟ್ಟಿಸಿದವನು ಧೈರ್ಯ ಬಂತೆಂದು ವೇಗ ಹೆಚ್ಚಿಸಿದರೆ ಆ ಲಾಭವೂ ಕರಗಿತು.

ಇಷ್ಟರ ತನಕದ ನಷ್ಟ ದೀಪ ಕಟ್ಟಿಸಿದವನದೇ. ಇನ್ನು ಮುಂದಿನದು ಮತ್ತೊಬ್ಬರದು, ಮತ್ತು ಈ ಪದ್ಧತಿಯನ್ನು ಕಟುವಾಗಿ ಖಂಡಿಸಬೇಕಾದ ಕಾರಣ ಅದೇ. ಮಳವಳ್ಳಿ ಮದ್ದೂರಿನ ಒಳರಸ್ತೆಗಳು ಅಗಲದಲ್ಲಿ ಚಿಕ್ಕವು. ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಗದ್ದೆಯ ಇಳಿಜಾರು. ಎದುರಿನಿಂದ ಕುಕ್ಕುವ ಬೆಳಕು ಬಿದ್ದ ಕಣ್ಣು ಕೆಲವು ಸೆಕೆಂಡು ಕುರುಡು. 40 ಕಿಲೋಮೀಟರ್ ವೇಗದಲ್ಲಿ ಪ್ರತಿ ಸೆಕೆಂಡಿಗೆ 11 ಮೀಟರ್ ಸಾಗುವ ಗಾಡಿ ಮೂರು ಸೆಕೆಂಡಿನಲ್ಲಿ 33 ಮೀಟರನ್ನು ಕಣ್ಣುಮುಚ್ಚಿ ಹೋದಂತೆ. ವಯಸ್ಸಾದವರ ಕಣ್ಣು ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ಬೇಕು. ಪೊರೆ ಬರುತ್ತಿರುವ ಕಣ್ಣಿಗಂತೂ ಎಲ್‌ಇಡಿ ಬಾರು ಒಂದು ಬಿಳಿಯ ಗೋಡೆ. ಹಾಲು ಹಾಕಲು ನಡೆದು ಹೋಗುವ ಅಜ್ಜಿ, ಕಬ್ಬಿನ ಗಾಡಿಯ ಮೂಕಿಯ ಮೇಲೆ ತೂಕಡಿಸುತ್ತ ಕೂತ ರೈತ, ಬೆದರಿ ಅಡ್ಡ ಹಾಯುವ ಎತ್ತು, ಇವರಾರೂ ಡಿಮ್ ಮಾಡೆಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಎದುರಿನವನು ಕುಕ್ಕುತ್ತಾನೆಂದು ತಾನೂ ಕಟ್ಟಿಸಿದೆ ಎನ್ನುವವರಿದ್ದಾರೆ. ಹಾಗೆ ಹೇಳಿದಲ್ಲಿಗೆ ಸುರಕ್ಷತೆಯ ಮಾತು ಮುಗಿಯಿತು. ಇಬ್ಬರು ಕುರುಡರು ಒಂದೇ ಕಿರುದಾರಿಯಲ್ಲಿ ಎದುರುಬದುರಾದರೆ ಯಾರಿಗೆ ಲಾಭ?

ಮಾಗಿಯ ಬೆಳಗ್ಗೆ ನಾಲೆ ಮತ್ತು ಗದ್ದೆಗಳ ಮೇಲೆ ಕವಿಯುವ ಮಂಜಿನಲ್ಲಿ ಈ ದೀಪಗಳು ಕಟ್ಟಿಸಿದವನಿಗೂ ಕೆಡುಕು ಮಾಡುತ್ತವೆ. ಕಣ್ಣಿನ ಮಟ್ಟಕ್ಕೆ ಹತ್ತಿರ, ಹ್ಯಾಂಡಲ್ ಅಥವಾ ಕನ್ನಡಿಯ ಮೇಲೆ ಕೂತ ದೀಪದ ಬೆಳಕು ಮಂಜಿನ ಹನಿಗಳಿಗೆ ಬಡಿದು ಸವಾರನ ಕಣ್ಣಿಗೇ ಮರಳುತ್ತದೆ. ನಿಜವಾದ ಫಾಗ್ ಲೈಟನ್ನು ನೆಲಕ್ಕೆ ಹತ್ತಿರ, ಬೆಳಕು ಅಗಲವಾಗಿ ಕೆಳಗೆ ಹರಡುವಂತೆ ಕೂರಿಸುವುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಫಾಗ್ ಲೈಟೆಂದು ಮಾರಿ ಕನ್ನಡಿಯ ಕಡ್ಡಿಗೆ ಬಿಗಿಯುವುದು ಆ ಹೆಸರಿಗೇ ಮಾಡಿದ ಮೋಸ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ ಮುಂದಿನ ದೀಪ ಕೆಳಕ್ಕೆ ಬಾಗಿರಬೇಕು; ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕುಕ್ಕಬಾರದು. ನಿಂತ ಮನುಷ್ಯನ ಕಣ್ಣಿನ ಎತ್ತರ ಅದು, ನಿಯಮ ಮಾಡಿದವರು ಲೆಕ್ಕ ಹಾಕಿಯೇ ಮಾಡಿದ್ದಾರೆ. 111ನೇ ನಿಯಮ ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಬೀಳಬಹುದು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಅಭಿಯಾನವನ್ನೇ ನಡೆಸಿದರು. ಆದರೆ ರಸ್ತೆಯಲ್ಲಿ ನಿಲ್ಲಿಸಿ ದಂಡ ಹಾಕಿದರೆ ಸಾಲದು. ಮಾರುವ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ದೀಪ ರಾಜಾರೋಷವಾಗಿ ಇರುವ ತನಕ ದಂಡವೆಲ್ಲ ಕೊಂಡವನ ತಲೆಗೇ.

ಹೆಚ್ಚುವರಿ ದೀಪದ ನಂಬಿಕೆ ಮಾಡಿರುವ ಅತಿ ದೊಡ್ಡ ಹಾನಿ ಗಾಡಿಯದ್ದಲ್ಲ, ರಸ್ತೆಯದ್ದು. ಊರಿಗೆಲ್ಲ ಸೇರಿದ ಹೊಣೆಯನ್ನು ಅದು ಒಬ್ಬೊಬ್ಬ ಸವಾರನ ಬ್ಯಾಟರಿಯ ಮೇಲೆ ಹೊರಿಸಿದೆ. ಕತ್ತಲಲ್ಲಿ ನಿಂತ ಕಬ್ಬಿನ ಗಾಡಿಗೆ ಹಿಂದಿನಿಂದ ಬಡಿಯುವ ಸಮಸ್ಯೆಯನ್ನೇ ತೆಗೆದುಕೊಂಡರೆ, ಪ್ರತಿಫಲಕದ ಪಟ್ಟಿ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. ಅದರ ಮುಂದೆ ಮಂಕಾದ 35 ವ್ಯಾಟಿನ ದೀಪವೂ ಸಾಕು, ನೂರಾರು ಮೀಟರಿನಿಂದ ಕಾಣುತ್ತದೆ. ಪಟ್ಟಿಯಿಲ್ಲದ ಗಾಡಿಯ ಕಂದು ಕಬ್ಬಿನ ಹೊರೆ ಎಲ್‌ಇಡಿ ಬಾರಿನ ಬೆಳಕನ್ನೂ ನುಂಗಿ ಸುಮ್ಮನಿರುತ್ತದೆ. ಕಾರ್ಖಾನೆಯ ಗೇಟಿನಲ್ಲಿ, ತೂಕದ ಸೇತುವೆಯ ಬಳಿ, ಪಟ್ಟಿಯಿಲ್ಲದ ಗಾಡಿಗೆ ಅಲ್ಲೇ ಅಂಟಿಸಿ ಕಳಿಸುವುದು ಒಂದು ಹಂಗಾಮಿಗೆ ಆಗುವ ಕೆಲಸ. ಹಂಪುಗಳಿಗೆ ಬಿಳಿ ಬಣ್ಣ, ತಿರುವಿನಲ್ಲಿ ಪ್ರತಿಫಲಿಸುವ ಕಲ್ಲು, ನಾಲೆಯುದ್ದಕ್ಕೂ ತಡೆಗೋಡೆ, ಇವೂ ಹಾಗೆಯೇ. ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಉರುಳಿ 30 ಜನ ತೀರಿಕೊಂಡರು. ಅದು ಹಗಲು ಹೊತ್ತು, ಸೂರ್ಯನ ಬೆಳಕಿಗೇನೂ ಕೊರತೆಯಿರಲಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡುತ್ತಿಲ್ಲ. ಸ್ಕೂಟರುಗಳೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ಅಲ್ಲಿ ಎದುರಿನಿಂದಲೂ ಗಾಡಿ, ಪಕ್ಕದ ಪಥದ ಕಾರುಗಳ ಬೆಳಕೂ ಮುಖಕ್ಕೆ. ಆ ರಸ್ತೆಗೆ ಬೀದಿದೀಪ, ಬೆಳಕು ತಡೆಯುವ ಪರದೆ ಕೇಳಬೇಕಾದ ಜನ ಅಂಗಡಿಗೆ ಹೋಗಿ ದೀಪ ಕೊಳ್ಳುತ್ತಿದ್ದಾರೆ.

ಎಲ್ಲ ಸರಿಪಡಿಸಿದ ಮೇಲೂ ಒಂದು ದೀಪ ಬೇಕೇ ಬೇಕೆನ್ನುವ ಕೆಲಸಗಳಿವೆ. ತೋಟದ ದಾರಿಯಲ್ಲಿ ಹಾವು, ಹಂದಿಯ ಭಯವಿರುವವರಿಗೆ ಅಂಥ ದೀಪ ಬೇಡವೆನ್ನಲಾಗದು. ಮೋಟರಿನ ಬಳಿ ನಿಂತು ಮಾಡುವ ಕೆಲಸಕ್ಕೆ ಚಾರ್ಜಾಗುವ ಟಾರ್ಚು ಅಥವಾ ತಲೆಗೆ ಕಟ್ಟುವ ದೀಪ ಗಾಡಿಯ ದೀಪಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ಅದು ನೋಡಿದ ಕಡೆ ಬೀಳುತ್ತದೆ, ಬ್ಯಾಟರಿ ಮುಟ್ಟುವುದಿಲ್ಲ. ಗಾಡಿಗೇ ಹಾಕಿಸುವುದಾದರೆ ಒಂದೇ ದೀಪ, 10 ವ್ಯಾಟಿನ ಒಳಗಿನದು, ಹೆಡ್‌ಲೈಟಿಗಿಂತ ಕೆಳಗೆ, ನೆಲ ನೋಡುವಂತೆ. ಬ್ಯಾಟರಿಯ ತುದಿಯಲ್ಲೇ 2 ಆಂಪಿಯರಿನ ಬೇರೆ ಫ್ಯೂಸು ಇರಬೇಕು. ಬೀಗದ ಕೈ ತಿರುಗಿಸಿದರೆ ಅದೂ ಆರಬೇಕು. ತಂತಿಯ ಕೂಡಿಕೆ ಬೆಸುಗೆ ಹಾಕಿದ್ದೋ ನೀರು ಹೋಗದ ಕಪ್ಲರಿನದೋ ಆಗಿರಬೇಕು, ಟೇಪು ಸುತ್ತಿದ್ದಲ್ಲ. ಊರು, ಡಾಂಬರು ರಸ್ತೆ ಸಿಕ್ಕೊಡನೆ ಆರಿಸಬೇಕು, ಎದುರಿಗೆ ಜನ ಕಂಡರೆ ಕಾಯದೆ ಆರಿಸಬೇಕು.

ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆ ಎರಡು. ಸಂಜೆ ಹಾಲಿನ ಕ್ಯಾನು ತುಂಬಿ, ಸವಾರ ಕೂತು, ಗಾಡಿಯನ್ನು ಮಟ್ಟ ನೆಲದಲ್ಲಿ ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗೆ ಬಿದ್ದಿದೆಯೇ ನೋಡಬೇಕು. ಆಮೇಲೆ ಎಂಜಿನ್ ಚಾಲೂ ಇಟ್ಟು, ಎಲ್ಲ ದೀಪ ಹಾಕಿ, ಗದ್ದೆ ದಾರಿಯ ವೇಗಕ್ಕೆ ತಕ್ಕಷ್ಟೇ ರೇಸು ಕೊಟ್ಟು, ಮೀಟರು ಹಿಡಿದು ಬ್ಯಾಟರಿಯ ಎರಡು ತುದಿ ಅಳೆಯಬೇಕು. 13 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿ ತುಂಬುತ್ತಿದೆ. ಹನ್ನೆರಡೂವರೆಗೆ ಇಳಿದಿದ್ದರೆ ಕರಗುತ್ತಿದೆ, ಆ ಗಾಡಿಗೆ ಇನ್ನೊಂದು ದೀಪ ಹೊರುವ ಶಕ್ತಿ ಇಲ್ಲ.